ಕೊಳ್ಳೇಗಾಲದ ದಾರಿಯಲ್ಲಿ ಕಪ್ಪು ಕೋಟು

ಬೆಂಗಳೂರಿನಿಂದ ಹೊರಟು ಕನಕಪುರ, ಮಳವಳ್ಳಿ ಹಾದು ಕೊಯಮತ್ತೂರಿನತ್ತ ಇಳಿಯುವ ಹೆದ್ದಾರಿಗೆ ಹಿಂದೆ 209 ಎಂಬ ಸಂಖ್ಯೆ ಇತ್ತು, ಈಗ 948. ಶಿವನಸಮುದ್ರದ ಬಳಿ ಕಾವೇರಿ ದಾಟಿ, ಸತ್ತೇಗಾಲ ಕಳೆದರೆ ಕೊಳ್ಳೇಗಾಲ. ಅಲ್ಲಿಂದ ಹದಿನೈದು ಕಿಲೋಮೀಟರಿನಷ್ಟು ಮುಂದೆ ಯಳಂದೂರು. ಹನೂರಿಗೆ ಹೋಗುವವರು ಮಾತ್ರ ಕೊಳ್ಳೇಗಾಲದಲ್ಲಿ ಹೆದ್ದಾರಿ ಬಿಟ್ಟು ಮಾದಪ್ಪನ ಬೆಟ್ಟದ ದಾರಿ ಹಿಡಿಯಬೇಕು. ಪ್ರವಾಸಿಗರಿಗೆ ಈ ಸೀಮೆ ಭರಚುಕ್ಕಿಯ ಧಾರೆ, ಕೊಳ್ಳೇಗಾಲದ ರೇಷ್ಮೆ ಸೀರೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಇಷ್ಟರಲ್ಲೇ ಮುಗಿದುಹೋಗುತ್ತದೆ. ಊರಿನವರಿಗೆ ಇನ್ನೊಂದು ಕ್ಷೇತ್ರವಿದೆ. ಅಲ್ಲಿಗೆ ಯಾರೂ ಹರಕೆ ಹೊತ್ತು ಹೋಗುವುದಿಲ್ಲ. ವಾಯಿದೆ ಬಿದ್ದ ದಿನ ಹೋಗುತ್ತಾರೆ.

ಬೆಳಗ್ಗೆ ಹತ್ತು ಹತ್ತೂವರೆಯ ಹೊತ್ತಿಗೆ ಕೊಳ್ಳೇಗಾಲದ ನ್ಯಾಯಾಲಯದ ಆವರಣ ನೋಡಬೇಕು. ಸುತ್ತಲ ಹಳ್ಳಿಗಳ ಬಸ್ಸುಗಳಲ್ಲಿ ಬಂದಿಳಿದ ಕಕ್ಷಿದಾರರು, ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟ ಪಹಣಿ, ಕ್ರಯಪತ್ರಗಳು, ಮರದಡಿ ನಿಂತ ದಾಯಾದಿಗಳು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ಟೀ ಅಂಗಡಿ ಮಾತ್ರ ಇಬ್ಬರಿಗೂ ಒಂದೇ. ಕಪ್ಪು ಕೋಟು ತೊಟ್ಟವರಲ್ಲಿ ಹಿರಿಯರು ಯಾರು, ಕಿರಿಯರು ಯಾರು ಎಂದು ಗುರುತಿಸಲು ತಲೆಗೂದಲು ನೋಡಬೇಕಾಗಿಲ್ಲ. ಕಡತ ಹೊತ್ತವರು ಕಿರಿಯರು, ಕೈಬೀಸಿ ನಡೆಯುವವರು ಹಿರಿಯರು.

ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ದಿನಗಳಲ್ಲಿ ಈ ಮೂರು ತಾಲೂಕುಗಳ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ‘ಲಾ ಓದ್ತೀನಿ’ ಎಂದು ಮಗಳೋ ಮಗನೋ ಅಂದರೆ, ಅಜ್ಜಿಯೋ ಸೋದರಮಾವನೋ ಕೇಳುವುದು ಒಂದೇ ಪ್ರಶ್ನೆ: ‘ಅಲ್ಲ ಕೂಸು, ಲಾ ಓದ್ಬುಟ್ಟು ಏನ್ ಮಾಡೀಯೆ?’ ಇದು ಉಡಾಫೆಯ ಪ್ರಶ್ನೆಯಲ್ಲ. ತಾಲೂಕು ಕೋರ್ಟಿನ ಬಾಗಿಲಲ್ಲಿ ಹತ್ತು ವರ್ಷದಿಂದ ನಿಂತಿರುವ ಅದೇ ಊರಿನ ಹುಡುಗ ಹಳೆಯ ಬೈಕಿನಲ್ಲೇ ಓಡಾಡುತ್ತಿರುವುದನ್ನು ಅವರು ಕಂಡಿದ್ದಾರೆ. ಅದೇ ವೇಳೆ, ಬೆಂಗಳೂರಿನ ಯಾವುದೋ ಲಾ ಸ್ಕೂಲಿನಲ್ಲಿ ಓದಿದವರಿಗೆ ಮೊದಲ ವರ್ಷವೇ ಲಕ್ಷಗಟ್ಟಲೆ ಸಂಬಳವಂತೆ ಎಂಬ ಸುದ್ದಿಯೂ ಕಿವಿಗೆ ಬಿದ್ದಿರುತ್ತದೆ. ಎರಡೂ ನಿಜ. ಎರಡಕ್ಕೂ ವಕೀಲಿಕೆ ಎಂದೇ ಹೆಸರು ಎಂಬುದೇ ತಂದೆತಾಯಿಯರ ಗೊಂದಲಕ್ಕೆ ಕಾರಣ.

ಎರಡು ಕಾನೂನಿನ ನಡುವಿನ ಹದಿನೈದು ಕಿಲೋಮೀಟರ್

ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಕಬ್ಬು, ಭತ್ತ, ತೆಂಗು. ಊರಿನ ಪಕ್ಕದಲ್ಲಿ ಸುವರ್ಣಾವತಿ ಹೊಳೆ. ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನಲ್ಲೇ ಕೊರೆದ ಬಳೆಸರಪಳಿಗಳನ್ನು ನೋಡಲು ಬರುವವರುಂಟು. ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮನ ಊರು ಇದು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕಿದ್ದೂ ಇದೇ ಯಳಂದೂರು.

ಆದರೆ ವಕೀಲರ ಕಣ್ಣಿಗೆ ಈ ದಾರಿಯಲ್ಲಿ ಕಾಣುವುದು ಬೇರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಇಂಗ್ಲಿಷರ ಕಂಪನಿಗೆ ಹೋಯಿತು, ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿಯಿತು. ಅಲ್ಲಿಂದ 1956ರ ನವೆಂಬರ್ 1ರವರೆಗೆ, ಅಂದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ, ಈ ಎರಡು ನೆರೆಯೂರುಗಳ ನಡುವೆ ಒಂದು ಗಡಿ ಇತ್ತು. ಕನ್ನಡ ಒಂದೇ, ಮಾದಪ್ಪ ಒಬ್ಬನೇ, ಹೆಣ್ಣು ಕೊಟ್ಟು ತರುವ ಮನೆಗಳೂ ಅವೇ. ಕೋರ್ಟು ಮಾತ್ರ ಬೇರೆ. ಕೊಳ್ಳೇಗಾಲದವನ ದಾವಾ ಮೇಲಕ್ಕೆ ಹೋದರೆ ಕೊಯಮತ್ತೂರು, ಇನ್ನೂ ಮೇಲಕ್ಕೆ ಹೋದರೆ ಮದರಾಸು. ಯಳಂದೂರಿನವನದು ಮೈಸೂರು, ಬೆಂಗಳೂರು.

ಇದರಿಂದೇನಾಯಿತು ಎಂದು ಕೇಳಬಹುದು. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ತಂದಿತು. ಒಟ್ಟುಕುಟುಂಬ ವಿಭಾಗವಾಗುವಾಗ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಡಿಸುವ ಕಾನೂನು ಅದು. ಆ ಕಾಲಕ್ಕೆ ದೊಡ್ಡ ಹೆಜ್ಜೆ. ಯಳಂದೂರಿನ ಮನೆಗೆ ಅದು ಅನ್ವಯಿಸಿತು, ಕೊಳ್ಳೇಗಾಲದ ಮನೆಗೆ ಇಲ್ಲ. ಬ್ರಿಟಿಷ್ ಇಂಡಿಯಾದ ಕಡೆ 1937ರಲ್ಲಿ ಬಂದ ಕಾನೂನು ವಿಧವೆಗೆ ಸೀಮಿತ ಹಕ್ಕು ಕೊಟ್ಟಿತು ಅಷ್ಟೆ. ಒಂದೇ ತಾಯಿಯ ಮಕ್ಕಳಾದ ಇಬ್ಬರು ಅಕ್ಕತಂಗಿಯರು ಈ ಹದಿನೈದು ಕಿಲೋಮೀಟರಿನ ಎರಡು ತುದಿಗೆ ಸೊಸೆಯರಾಗಿ ಹೋಗಿದ್ದರೆ, ಅವರವರ ಗಂಡನ ಮನೆ ಭಾಗವಾದಾಗ ಒಬ್ಬಳ ಹಕ್ಕು ಒಂದು, ಇನ್ನೊಬ್ಬಳದು ಇನ್ನೊಂದು. 1956ರ ಜೂನ್‌ನಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಐದು ತಿಂಗಳಿಗೆ ತಾಲೂಕೇ ಮೈಸೂರು ರಾಜ್ಯಕ್ಕೆ ಬಂತು.

ಮುತ್ತಜ್ಜನ ಕಾಲದ ವಿಭಾಗ ಪತ್ರ ಹಿಡಿದು ಮೊಮ್ಮಕ್ಕಳು ಕೋರ್ಟಿಗೆ ಬಂದಾಗ ಆ ಹಳೆಯ ಗಡಿ ಮತ್ತೆ ಏಳುತ್ತದೆ. ಪತ್ರದ ಮೇಲೆ ‘ಕೊಯಮತ್ತೂರು ಜಿಲ್ಲಾ’ ಎಂದಿದೆಯೋ ‘ಮೈಸೂರು’ ಎಂದಿದೆಯೋ ನೋಡದೆ ವಾದ ಶುರುಮಾಡಿದ ಕಿರಿಯ ವಕೀಲನಿಗೆ ಎದುರಿನ ಹಿರಿಯರು ಸಂತೋಷದಿಂದ ಪಾಠ ಹೇಳಿಕೊಡುತ್ತಾರೆ, ಅದೂ ನ್ಯಾಯಾಧೀಶರ ಎದುರಿಗೇ. ಈ ವಿದ್ಯೆಯನ್ನು ಯಾವ ಪ್ರತಿಷ್ಠಿತ ಕಾಲೇಜೂ ಕಲಿಸುವುದಿಲ್ಲ. ಸೀನಿಯರ್ ಕಚೇರಿಯ ಧೂಳು ಹಿಡಿದ ಕಪಾಟು ಕಲಿಸುತ್ತದೆ.

ಅಂಥ ಕೆಲಸ ಇಲ್ಲಿ ಸಾಕಷ್ಟಿದೆ. ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪಿ ಹೋಗಿದ್ದರೆ ಮರಳಿ ಕೊಡಿಸುವ 1978ರ ಕಾಯ್ದೆ, ಜನರ ಬಾಯಲ್ಲಿ ಪಿ.ಟಿ.ಸಿ.ಎಲ್., ಇದೆ. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗೆ. ಅವರ ಕಚೇರಿ ಕೊಳ್ಳೇಗಾಲದಲ್ಲೇ ಇದೆ. ಎಷ್ಟೋ ವರ್ಷ ತಡವಾಯಿತು ಎಂಬ ಕಾರಣಕ್ಕೆ ಅರ್ಜಿಗಳು ಬಿದ್ದುಹೋಗುತ್ತಿದ್ದವು. 2023ರ ತಿದ್ದುಪಡಿ ಕಾಲಮಿತಿಯ ಮಾತನ್ನು ತೆಗೆದುಹಾಕಿತು. ಹಳೆಯ ಸಾಗುವಳಿ ಚೀಟಿಗಳು ಟ್ರಂಕಿನಿಂದ ಹೊರಬರಲು ಇದೂ ಒಂದು ಕಾರಣ.

ನಾಗರಬಾವಿಯ ಹೊಸಿಲು

ಹೆದ್ದಾರಿಯ ಬೆಂಗಳೂರಿನ ತುದಿಗೆ ಬರೋಣ. ಕರ್ನಾಟಕ ವಿಧಾನಮಂಡಲದ 1986ರ ಶಾಸನದಿಂದ ಹುಟ್ಟಿದ್ದು ನ್ಯಾಷನಲ್ ಲಾ ಸ್ಕೂಲ್. ಮೊದಲ ತರಗತಿ ನಡೆದದ್ದು 1988ರಲ್ಲಿ, ಸ್ಥಾಪಕ ನಿರ್ದೇಶಕರು ಎನ್.ಆರ್. ಮಾಧವ ಮೆನನ್. ಪಿ.ಯು.ಸಿ. ಮುಗಿಸಿ ಐದು ವರ್ಷ ಅಲ್ಲೇ ಇದ್ದು ಕಾನೂನು ಕಲಿಯುವ ಪದ್ಧತಿಗೆ ದೇಶದಲ್ಲಿ ಗೌರವ ಬಂದದ್ದು ಇದರಿಂದ. ಅದೇ ಮಾದರಿಯಲ್ಲಿ ಬೇರೆ ಬೇರೆ ರಾಜ್ಯಗಳಲ್ಲಿ ಹುಟ್ಟಿದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಈಗ ಇಪ್ಪತ್ತಕ್ಕೂ ಹೆಚ್ಚು. ಆದರೆ ಮೊದಲ ತಂಡಗಳು ಹೊರಬರುವ ಹೊತ್ತಿಗೆ ದೇಶದ ಆರ್ಥಿಕ ಬಾಗಿಲು ತೆರೆದಿತ್ತು. ವಿದೇಶಿ ಬಂಡವಾಳ, ಕಂಪನಿಗಳ ಕೊಳ್ಳುವಿಕೆ, ದೊಡ್ಡ ದೊಡ್ಡ ಕರಾರುಗಳು. ಕರಾರು ಬರೆಯುವವರು ಬೇಕಾಗಿತ್ತು, ಲಾ ಫರ್ಮ್‌ಗಳು ಕಾಲೇಜಿನ ಅಂಗಳಕ್ಕೇ ಬಂದವು.

ಮುಂಬಯಿ, ದೆಹಲಿ, ಬೆಂಗಳೂರಿನ ದೊಡ್ಡ ಫರ್ಮ್‌ಗಳು ಇಂಥ ನಾಲ್ಕಾರು ಕಾಲೇಜುಗಳ ಮುಂಚೂಣಿಯ ವಿದ್ಯಾರ್ಥಿಗಳಿಗೆ ಮೊದಲ ವರ್ಷಕ್ಕೇ ಹದಿನೈದು ಲಕ್ಷ ರೂಪಾಯಿ ದಾಟಿದ ಸಂಬಳ ಕೊಡುತ್ತವೆ. ಪತ್ರಿಕೆಯಲ್ಲಿ ಓದಿ ಬೆರಗಾಗುವ ಅಂಕಿ ಇದೇ. ಇದರ ಜೊತೆಗೆ ತಿಳಿಯಬೇಕಾದದ್ದು, ಈ ಬಾಗಿಲು ಕಿರಿದು ಎಂಬುದು. ಕಾನೂನು ಪದವಿಗೆ ಈ ಬೆಲೆಯಿಲ್ಲ, ಕೆಲವೇ ಕಾಲೇಜುಗಳ ಹೆಸರಿಗೆ ಇದೆ. ಅಲ್ಲಿಯೂ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕವರೆಲ್ಲ ಅಲ್ಲಿ ಉಳಿಯುವುದೂ ಇಲ್ಲ; ರಾತ್ರಿ ಹನ್ನೆರಡರ ತನಕ ಕರಾರಿನ ಕರಡು ತಿದ್ದುವ ಬದುಕು ಎಲ್ಲರಿಗೂ ಒಗ್ಗುವಂಥದ್ದಲ್ಲ.

ಹೊಸಿಲು ದಾಟಿಸುವ ಪರೀಕ್ಷೆ ‘ಕ್ಲ್ಯಾಟ್’, 2008ರಿಂದ ನಡೆಯುತ್ತಿದೆ. ಎರಡು ಗಂಟೆ, 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಪುಟಗಟ್ಟಲೆ ಇಂಗ್ಲಿಷ್ ಓದಿ ಉತ್ತರಿಸಬೇಕು. ಕನ್ನಡದಲ್ಲಿ ಈ ಪರೀಕ್ಷೆ ಇದುವರೆಗೆ ಇಲ್ಲ. ಹನೂರಿನ ಸರ್ಕಾರಿ ಕಾಲೇಜಿನ ಜಾಣೆ ಹುಡುಗಿಗೆ ಕಾನೂನಿನ ತರ್ಕ ಕಷ್ಟವಾಗುವುದಿಲ್ಲ, ಗಡಿಯಾರ ಓಡುತ್ತಿರುವಾಗ ಆ ಇಂಗ್ಲಿಷನ್ನು ನುಂಗುವುದು ಕಷ್ಟ. ಬೆಂಗಳೂರಿನ ಮಕ್ಕಳು ಎರಡು ವರ್ಷ ಮೊದಲೇ ತರಬೇತಿಗೆ ಸೇರಿರುತ್ತಾರೆ. ಇದನ್ನು ಸಮಾನ ಸ್ಪರ್ಧೆ ಎನ್ನಲು ತುಸು ಧೈರ್ಯ ಬೇಕು.

ಹಾಗೆಂದು ಬಾಗಿಲು ಮುಚ್ಚಿದೆ ಎಂದುಕೊಳ್ಳಬಾರದು. ಕನ್ನಡನಾಡಿನ ಮಕ್ಕಳಿಗೆ ಲಾ ಸ್ಕೂಲಿನಲ್ಲಿ ನೂರಕ್ಕೆ 25 ಸೀಟು ಮೀಸಲಿಡಲು ರಾಜ್ಯ ಸರ್ಕಾರ 2020ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ ಅದೇ ವರ್ಷ ರದ್ದು ಮಾಡಿತು ನಿಜ. ಆದರೆ ಮರುವರ್ಷ ಲಾ ಸ್ಕೂಲ್ ತಾನೇ ತನ್ನ ಯೋಜನೆಯಲ್ಲಿ ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ನೂರಕ್ಕೆ 25ರ ಮೀಸಲಾತಿ ತಂದಿತು. ಬಡ ಮಕ್ಕಳನ್ನು ಹುಡುಕಿ ಈ ಪರೀಕ್ಷೆಗೆ ತಯಾರು ಮಾಡುವ ‘ಇಡಿಯಾ’ ಎಂಬ ಸಂಸ್ಥೆಯನ್ನು ಪ್ರಾಧ್ಯಾಪಕ ಶಮ್ನಾದ್ ಬಶೀರ್ 2010ರಲ್ಲಿ ಕಟ್ಟಿದರು. ಬಿ.ಎ., ಬಿ.ಕಾಂ. ಮುಗಿಸಿದವರಿಗಾಗಿ ಲಾ ಸ್ಕೂಲ್ 2022ರಿಂದ ಮೂರು ವರ್ಷದ ಎಲ್‌ಎಲ್.ಬಿ. ಕೂಡ ನಡೆಸುತ್ತಿದೆ. ಶುಲ್ಕ ಮಾತ್ರ ವರ್ಷಕ್ಕೆ ಲಕ್ಷಗಳ ಲೆಕ್ಕ. ಸಹಾಯಧನ ಉಂಟು, ಬ್ಯಾಂಕ್ ಸಾಲವೂ ಉಂಟು. ಸಾಲ ತೀರಿಸಲು ಫರ್ಮಿಗೇ ಹೋಗಬೇಕಾಗುತ್ತದೆ ಎಂಬುದೂ ಅಷ್ಟೇ ಉಂಟು. ಹೀಗೆ ಹೋದವರು ಕೊಳ್ಳೇಗಾಲದ ಕೋರ್ಟಿಗೆ ಮರಳುವುದು ಅಪರೂಪ.

ಉಳಿದವರ ದಾರಿ ಮೈಸೂರು. ಅರವತ್ತು ಕಿಲೋಮೀಟರಿನಷ್ಟು ದೂರ, ಟಿ. ನರಸೀಪುರದ ಮೇಲೆ ಬಸ್ಸು. ಶಾರದಾ ವಿಲಾಸ, ವಿದ್ಯಾವರ್ಧಕ, ಜೆ.ಎಸ್.ಎಸ್. ಕಾನೂನು ಕಾಲೇಜುಗಳ ಹೆಸರು ಇಲ್ಲಿನ ವಕೀಲರ ಮನೆಗಳಲ್ಲಿ ಚಿರಪರಿಚಿತ. 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಾದರೂ ಬರೆಯಬಹುದು, ಪೂರ್ತಿ ಕನ್ನಡದಲ್ಲಾದರೂ ಬರೆಯಬಹುದು. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ, ಮನೆಯಲ್ಲೇ ಉಂಡು ಮೈಸೂರಿಗೆ ಹೋಗಿ ಓದಿ ಬರುವ ಲೆಕ್ಕ ಹೆಣ್ಣುಮಕ್ಕಳ ಪಾಲಿಗೆ ಹಗುರವಾಯಿತು.

ಕಾಣದ ಶುಲ್ಕ

ತಂದೆತಾಯಿಯರು ಕಾಲೇಜಿನ ಶುಲ್ಕ ಲೆಕ್ಕ ಹಾಕುತ್ತಾರೆ. ಪದವಿಯ ನಂತರದ ಮೂರು ವರ್ಷಗಳನ್ನು ಲೆಕ್ಕ ಹಾಕುವವರು ಕಡಿಮೆ. ನಿಜವಾದ ಶುಲ್ಕ ಅದು.

ಸನ್ನದು ಪಡೆಯುವುದು ಈಗ ದುಬಾರಿಯಲ್ಲ. ವಕೀಲರ ಪರಿಷತ್ತುಗಳು ಸಾವಿರಾರು ರೂಪಾಯಿ ನೋಂದಣಿ ಶುಲ್ಕ ಪಡೆಯುತ್ತಿದ್ದುದನ್ನು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತಡೆಯಿತು. ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಎಂದಿತು. ಆಮೇಲೆ ಬರೆಯಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕೋಟು ತೊಟ್ಟು ಸೀನಿಯರ್ ಕಚೇರಿ ಸೇರಿದ ಮೇಲೆ ಶುರುವಾಗುತ್ತದೆ ಕಾಯುವ ಕೆಲಸ. ಕಡತ ಹೊರುವುದು, ವಾಯಿದೆ ಕೇಳುವುದು, ನಕಲು ಅರ್ಜಿ ಹಾಕುವುದು. ಸಂಜೆ ಸೀನಿಯರ್ ಜೇಬಿಗೆ ಕೈಹಾಕಿ ಕೊಟ್ಟದ್ದೇ ಸಂಬಳ; ಕೆಲವರು ಕೊಡುತ್ತಾರೆ, ಕೆಲವರು ಆಶೀರ್ವಾದ ಮಾಡುತ್ತಾರೆ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡುವುದು ಒಳ್ಳೆಯದು ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಟ್ಟಳೆಯಲ್ಲ. ಪರಿಶಿಷ್ಟ ಜಾತಿ ಪಂಗಡದ ಕಾನೂನು ಪದವೀಧರರಿಗೆ ವಕೀಲಿಕೆಯ ಆರಂಭದಲ್ಲಿ ತಿಂಗಳ ತರಬೇತಿ ಭತ್ಯೆ ಕೊಡುವ ಯೋಜನೆ ಸಮಾಜ ಕಲ್ಯಾಣ ಇಲಾಖೆಯಲ್ಲಿದೆ. ಅರ್ಹರು ಕೇಳಿ ಪಡೆಯಬೇಕು.

ತಂದೆ ವಕೀಲನಾಗಿದ್ದರೆ, ಊರಲ್ಲಿ ನಾಲ್ಕು ಎಕರೆ ನೀರಾವರಿ ಇದ್ದರೆ ಈ ಮೂರು ವರ್ಷ ಸಾಗುತ್ತದೆ. ನೇಯ್ಗೆಯವರ ಮಗ, ಕೂಲಿಕಾರರ ಮಗಳು ಈ ಹೊತ್ತಿನಲ್ಲೇ ಕೋಟು ಬಿಚ್ಚಿ ಬೆಂಗಳೂರಿನ ಯಾವುದೋ ಕಂಪನಿಯ ಗುಮಾಸ್ತಿಕೆಗೆ ಹೋಗುವುದು. ಬುದ್ಧಿ ಸಾಲದೆ ಹೋಗುತ್ತಾರೆ ಎನ್ನುವುದು ಸುಳ್ಳು. ಮನೆಯವರು ಐದು ವರ್ಷ ಓದಿಸಿ, ಇನ್ನೇನು ದುಡಿಮೆ ಎಂದು ಕೈಚಾಚುವ ಹೊತ್ತಿಗೆ ಮತ್ತೆ ಮೂರು ವರ್ಷ ಊಟ ಹಾಕಬೇಕೆಂಬುದನ್ನು ಯಾರೂ ಮೊದಲೇ ಹೇಳಿರುವುದಿಲ್ಲ.

ಈ ಮೂರು ವರ್ಷಕ್ಕೆ ಈಗ ಇನ್ನೊಂದು ತೂಕವೂ ಬಂದಿದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿತು. ಎರಡನೆಯ ನ್ಯಾಯಾಂಗ ವೇತನ ಆಯೋಗದ ಪ್ರಕಾರ ಆ ಹುದ್ದೆಯ ಆರಂಭದ ಮೂಲವೇತನ 77,840 ರೂಪಾಯಿ. ತಾಲೂಕಿನಿಂದ ಹೋದ ಮಕ್ಕಳಿಗೆ ಇದರಷ್ಟು ಗೌರವದ, ಖಚಿತವಾದ ದಾರಿ ಇನ್ನೊಂದಿಲ್ಲ. ಪರೀಕ್ಷೆಯಲ್ಲಿ ಭಾಷಾಂತರದ ಪತ್ರಿಕೆಯೂ ಉಂಟು: ಸಾಕ್ಷ್ಯವನ್ನು, ತೀರ್ಪಿನ ಭಾಗವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ತರಬೇಕು. ಕ್ಲ್ಯಾಟ್‌ನಲ್ಲಿ ಇಂಗ್ಲಿಷ್ ತೊಡರುಗಾಲು ಕೊಟ್ಟವರಿಗೆ ಇಲ್ಲಿ ಕನ್ನಡ ಕೈಹಿಡಿಯುತ್ತದೆ. ಆದರೆ ಆ ಮೂರು ವರ್ಷದ ಊಟದ ಪ್ರಶ್ನೆ ಇಲ್ಲಿಯೂ ಹಾಗೇ ಉಳಿಯುತ್ತದೆ.

ಬೆಟ್ಟದ ಹೆಸರು ಹೊತ್ತ ತೀರ್ಪುಗಳು

ಹನೂರು ಕೊಳ್ಳೇಗಾಲದಿಂದ ಇಪ್ಪತ್ತೈದು ಕಿಲೋಮೀಟರಿನಷ್ಟು. ಮೊನ್ನೆ ಮೊನ್ನೆಯವರೆಗೂ ಕೊಳ್ಳೇಗಾಲ ತಾಲೂಕಿಗೇ ಸೇರಿದ್ದ ಹೋಬಳಿ ಊರು, ಈಗ ತಾನೇ ತಾಲೂಕು. ಅಲ್ಲಿಂದ ಮುಂದೆ ಹೊಲಗಳು ತೆಳುವಾಗಿ ಕಾಡು ದಟ್ಟವಾಗುತ್ತದೆ. ಒಡೆಯರಪಾಳ್ಯದಲ್ಲಿ ಟಿಬೆಟಿಯನರ ಬೀಡು, ಮಾರ್ಟಳ್ಳಿಯ ಕಡೆ ತಮಿಳು ಮಾತಿನ ಮನೆಗಳು, ಬೆಟ್ಟದ ಪೋಡುಗಳಲ್ಲಿ ಸೋಲಿಗರ ನುಡಿ. ಇಲ್ಲಿನ ಸಾಕ್ಷಿಯನ್ನು ಪಾಟೀಸವಾಲು ಮಾಡುವವನಿಗೆ ಒಂದು ಭಾಷೆ ಸಾಲದು.

ಈ ಕಾಡಿನ ಊರುಗಳ ಹೆಸರು ದೇಶದ ಕಾನೂನು ವಿದ್ಯಾರ್ಥಿಗಳು ಓದುವ ವರದಿಗಳಲ್ಲಿ ಕೂತಿದೆ. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ವೀರಪ್ಪನ್ ತಂಡ ಹೊಂಚುಹಾಕಿ ಎಸ್.ಪಿ. ಹರಿಕೃಷ್ಣ, ಎಸ್.ಐ. ಶಕೀಲ್ ಅಹ್ಮದ್ ಅವರನ್ನು ಕೊಂದಿತು. 1993ರ ಏಪ್ರಿಲ್ 9ರಂದು ಪಾಲಾರ್ ಸ್ಫೋಟ, 22 ಮಂದಿ ಸತ್ತರು. ಆಮೇಲೆ ಹಳ್ಳಿಗಳ ಮೇಲೆ ಬಂದದ್ದು ಟಾಡಾ ಕಾಯ್ದೆ. ನೂರಕ್ಕೂ ಹೆಚ್ಚು ಜನ ಆರೋಪಿಗಳಾದರು. ಕಾಯ್ದೆ 1995ರಲ್ಲೇ ಮುಗಿದುಹೋಯಿತು, ಅದರಡಿ ಹಿಡಿದವರು ವರ್ಷಗಟ್ಟಲೆ ಮೈಸೂರಿನ ಸೆರೆಮನೆಯಲ್ಲೇ ಉಳಿದರು.

2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ ಆ ಬಂದಿಗಳ ಮೇಲಿನ ಟಾಡಾ ಆರೋಪ ಹಿಂತೆಗೆದುಕೊಳ್ಳಲು ಸರ್ಕಾರ ಒಪ್ಪಿತು. ಹತರಾದ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು, ನವೆಂಬರ್‌ನಲ್ಲಿ ಕೋರ್ಟು ಅದನ್ನು ತಡೆಯಿತು. ಮಗನನ್ನು ಕಳೆದುಕೊಂಡ ತಂದೆಯ ಕಡೆ ನ್ಯಾಯವಿತ್ತು. ತಪ್ಪು ಸಾಬೀತಾಗದೆ ಏಳೆಂಟು ವರ್ಷ ಒಳಗಿದ್ದವರ ಕಡೆಯೂ ನ್ಯಾಯವಿತ್ತು. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ಬಹುಪಾಲು ಮಂದಿ ನಿರ್ದೋಷಿಗಳಾಗಿ ಹೊರಬಂದರು. ಶಿಕ್ಷೆಯಾದವರಲ್ಲಿ ನಾಲ್ವರ ಜೀವಾವಧಿಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಮರಣದಂಡನೆಗೆ ಏರಿಸಿತು, 2014ರ ಜನವರಿಯಲ್ಲಿ ಮತ್ತೆ ಜೀವಾವಧಿಗೆ ಇಳಿಸಿತು. ಕಾರ್ಯಾಚರಣೆಯಲ್ಲಿ ನೊಂದ ಎರಡೂ ರಾಜ್ಯಗಳ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ ಶಿಫಾರಸು ಮಾಡಿತು.

ನಿರ್ದೋಷಿಯಾಗಿ ಹೊರಬಂದವನಿಗೆ ಆ ವರ್ಷಗಳನ್ನು ಯಾವ ಕೋರ್ಟೂ ಹಿಂದಿರುಗಿಸಲಿಲ್ಲ. ಇಂಥ ಊರಿಗೆ ಮೊದಲ ದಿನವೇ ಜಾಮೀನು ಅರ್ಜಿ ಬರೆಯಬಲ್ಲ, ತಾಯಿಯ ತಮಿಳೂ ಸೋಲಿಗನ ಮಾತೂ ತಿಳಿಯುವ ಒಬ್ಬ ವಕೀಲನ ಬೆಲೆ ಎಷ್ಟೆಂದು ಯಾವ ಲಾ ಫರ್ಮಿನ ಪಟ್ಟಿಯೂ ಹೇಳುವುದಿಲ್ಲ.

ಯಳಂದೂರಿನ ಮೇಲಿರುವ ಬಿಳಿಗಿರಿರಂಗನ ಬೆಟ್ಟದಲ್ಲಿ ಇನ್ನೊಂದು ಕಥೆ ನಡೆಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಸೋಲಿಗರು ಗ್ರಾಮಸಭೆ ಕೂಡಿಸಿದರು, ಹಕ್ಕು ಕೇಳಿ ಅರ್ಜಿ ಹಾಕಿದರು. 2011ರ ಜನವರಿಯಲ್ಲಿ ಕಾಡು ಹುಲಿ ರಕ್ಷಿತಾರಣ್ಯವಾಯಿತು, ಎಲ್ಲ ಮುಗಿಯಿತು ಎಂದುಕೊಂಡವರೂ ಇದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು. ಜೇನು, ನೆಲ್ಲಿಕಾಯಿ, ಕಲ್ಲುಪಾಚಿ ತರಲು ಯಾರನ್ನೂ ಬೇಡಬೇಕಾಗಿಲ್ಲ ಎಂಬುದು ಆ ಪತ್ರದ ಅರ್ಥ. ಅಲ್ಲಿ ನಡೆದದ್ದು ಹೆಚ್ಚಾಗಿ ಕೋರ್ಟಿನ ಹೊರಗಿನ ಕಾನೂನು ಕೆಲಸ: ನಕ್ಷೆ ಬರೆಯುವುದು, ಹಿರಿಯರ ಹೇಳಿಕೆ ದಾಖಲಿಸುವುದು, ನಡಾವಳಿ ಬರೆಯುವುದು, ಉಪವಿಭಾಗ ಸಮಿತಿಯ ಮುಂದೆ ನಿಲ್ಲುವುದು. ಈ ಅರ್ಜಿಗಳು ಇನ್ನೂ ಮುಗಿದಿಲ್ಲ. ಕಡತಗಳು ಕೊಳ್ಳೇಗಾಲಕ್ಕೂ ಚಾಮರಾಜನಗರಕ್ಕೂ ಓಡಾಡುತ್ತಿವೆ, ಅವುಗಳ ಬೆನ್ನು ಹತ್ತಿ ಬೆಟ್ಟದಿಂದ ಇಳಿದವರು ಸಂಜೆಯ ಬಸ್ಸಿಗೆ ಕಾಯುತ್ತಾರೆ.